ಢಾಕಾದಲ್ಲಿ ಸಿಕ್ಕ ಸೀಟು

1993ರಲ್ಲಿ ನಾನು ಹಿಂದೂಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಸಿವಿಲ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರಿನಲ್ಲಿ ಸರ್ಜನ್ ಎಂಬ ಮಾತಿದ್ದರೂ ನನ್ನದು ಕತ್ತರಿ ಹಿಡಿಯುವ ಕೆಲಸವಲ್ಲ. ಆಂಧ್ರದ ಆರೋಗ್ಯ ಇಲಾಖೆಯಲ್ಲಿ ಎಲ್ಲ ಡಾಕ್ಟರುಗಳಿಗೂ ಅದೇ ಹೆಸರು. ನಾನು ಜನರಲ್ ಮೆಡಿಸಿನ್ ಓದಿದವಳು. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ, ಹಾವು ಕಡಿತ ಇವುಗಳ ನಡುವೆ ಫಿಟ್‌ನೆಸ್ ಸರ್ಟಿಫಿಕೇಟು ಕೇಳಿಕೊಂಡು ಬರುವವರೂ ಇರುತ್ತಿದ್ದರು. ಕಂಡಕ್ಟರ್ ಕೆಲಸಕ್ಕೆ ಸೇರುವವರು, ಪೊಲೀಸ್ ಸೆಲೆಕ್ಷನ್‌ಗೆ ಹೋಗುವವರು, ಟೀಚರ್ ಟ್ರೈನಿಂಗ್‌ನವರು. ಎತ್ತರ ಅಳೆದು, ಕಣ್ಣು ನೋಡಿ, ಎದೆ ಪರೀಕ್ಷಿಸಿ ಸಹಿ ಹಾಕುವುದು. ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಿದ್ದರು. ಅದು ನಮ್ಮ ವೃತ್ತಿಯಲ್ಲಿ ಅಪರೂಪಕ್ಕೆ ಸಿಗುವ ನೆಮ್ಮದಿ.

ಆ ವರ್ಷ ಮುಂಗಾರಿನ ಹೊತ್ತಿಗೆ ಪರಿಗಿ ಕಡೆಯ ಹನುಮಂತರಾಯಪ್ಪ ಮಗಳನ್ನು ಕರೆದುಕೊಂಡು ಬಂದರು. ಅವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ತಮ್ಮ ತಾಯಿಯ ಬಿಪಿ ಮಾತ್ರೆಗೆಂದು ನನ್ನ ಬಳಿ ಬಂದು ಹೋಗುತ್ತಿದ್ದರು. ಗಟ್ಟಿ ಮನುಷ್ಯ. ಕಡಿಮೆ ಮಾತು. ಆ ದಿನ ಮಾತ್ರ ಅವರ ಮುಖದಲ್ಲಿ ಬೇರೆಯೇ ಕಳೆ ಇತ್ತು.

"ಇವ್ಳಿಗೆ ಡಾಕ್ಟ್ರ ಸೀಟು ಸಿಕ್ಕದೆ ಡಾಕ್ಟ್ರಮ್ಮ. ಬಂಗ್ಲಾದೇಶದಾಗೆ. ನೀವೊಂದು ಸರ್ಟಿಫಿಕೇಟು ಬರ್ದುಬುಟ್ರೆ ಎಲ್ಲಾ ಮುಗೀತದೆ."

ಮಗಳ ಹೆಸರು ಅನಸೂಯ. ಹತ್ತೊಂಬತ್ತು ವರ್ಷ, ತೆಳ್ಳಗಿನ ಮೈ, ಕೆನ್ನೆ ತುಸು ಕೆಂಪು. ಇಂಟರ್‌ಮೀಡಿಯಟ್‌ನಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಎಂಸೆಟ್ ಎಂಬ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಕೂತು ಎರಡು ಸಲವೂ ಸ್ವಲ್ಪದರಲ್ಲಿ ಸೀಟು ತಪ್ಪಿತ್ತು. ಅನಂತಪುರದ ಹಾಸ್ಟೆಲಿನಲ್ಲಿ ಜೊತೆಗಿದ್ದವಳ ಅಣ್ಣ ಢಾಕಾದಲ್ಲಿ ಎಂಬಿಬಿಎಸ್ ಓದುತ್ತಿದ್ದ. ಅವನಿಂದ ವಿಳಾಸ ಪಡೆದು ಅಲ್ಲಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದಳು. ಅಂಕಪಟ್ಟಿಗಳನ್ನು ದೃಢೀಕರಿಸಿ ಕಳಿಸಿ, ನಮ್ಮ ಇಂಟರ್‌ಮೀಡಿಯಟ್ ಅವರ ಹನ್ನೆರಡನೇ ತರಗತಿಗೆ ಸಮ ಎಂದು ಅಲ್ಲಿನವರಿಂದ ಒಪ್ಪಿಗೆ ಪಡೆದು, ಹೈದರಾಬಾದಿನಿಂದ ಪಾಸ್‌ಪೋರ್ಟ್ ತರಿಸಿಕೊಳ್ಳುವಷ್ಟರಲ್ಲಿ ಮನೆಮಂದಿಯೆಲ್ಲ ದಣಿದಿದ್ದರು. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಕಾನ್‌ಸ್ಟೇಬಲ್, ಹುಡುಗಿ ಬಂಗ್ಲಾದೇಶಕ್ಕೆ ಯಾಕೆ ಹೋಗುತ್ತಾಳೆ ಎಂದು ಊರಿನ ನಾಲ್ಕು ಮನೆಗಳಲ್ಲಿ ಕೇಳಿ ಹೋಗಿದ್ದನಂತೆ. ಸೀಟು ಕೊಡುತ್ತೇವೆ, ಆರೋಗ್ಯ ಪ್ರಮಾಣಪತ್ರ ಬಂದ ಮೇಲೆ ಅಂತಿಮ ಪ್ರವೇಶ ಎಂದು ಕಾಲೇಜಿನವರು ಬರೆದಿದ್ದರು.

"ಅವರ ಲೆಕ್ಕದಲ್ಲಿ ನಾನು ಫಾರಿನ್ ಸ್ಟೂಡೆಂಟ್ ಮೇಡಂ," ಎಂದು ಅನಸೂಯ ನಕ್ಕಳು. "ಮದ್ರಾಸೂ ನೋಡಿಲ್ಲ, ನಾನು ಫಾರಿನ್ನವಳಂತೆ."

ಎಕ್ಸ್‌ರೇ ಚೀಟಿ ಮಾಡಿಸಲು ತಂದೆ ಹೊರಗೆ ಹೋದಾಗ ನಾನು ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಹೃದಯದ ಮೊದಲ ಸದ್ದು ಇರಬೇಕಾದ್ದಕ್ಕಿಂತ ಜೋರಾಗಿತ್ತು. ಎಡಮಗ್ಗುಲಿಗೆ ತಿರುಗಿ ಮಲಗಲು ಹೇಳಿ ಮತ್ತೆ ಕೇಳಿದೆ. ಎರಡು ಬಡಿತಗಳ ನಡುವೆ ದೂರದ ಮನೆಯಲ್ಲಿ ಬೀಸುಕಲ್ಲು ತಿರುಗಿಸಿದಂಥ ತಗ್ಗಿದ ಗುಡುಗುಡು. ನಾನು ಕಿವಿಯಿಂದ ಸ್ಟೆತಸ್ಕೋಪ್ ತೆಗೆಯಲಿಲ್ಲ. ಅವಳ ಮುಖ ನೋಡಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕಿತ್ತು.

ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ಎಂಬ ಕವಾಟವಿದೆ. ಎರಡು ಬೆರಳು ಸಲೀಸಾಗಿ ಹೋಗುವಷ್ಟು ಅಗಲದ ಬಾಗಿಲು ಅದು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದರ ಬೆನ್ನಿಗೆ ಕೀಲುಗಳು ಊದುವ ರುಮ್ಯಾಟಿಕ್ ಜ್ವರ ಬಂದರೆ, ಕೀಲುಗಳು ವಾಸಿಯಾದರೂ ಈ ಕವಾಟಕ್ಕೆ ಗಾಯವಾಗಿ ಉಳಿಯುತ್ತದೆ. ವರ್ಷಗಳು ಕಳೆದಂತೆ ಅದರ ಅಂಚುಗಳು ಒಂದಕ್ಕೊಂದು ಅಂಟಿಕೊಂಡು ಬಾಗಿಲು ಕಿರಿದಾಗುತ್ತದೆ. ಇದಕ್ಕೆ ಮೈಟ್ರಲ್ ಸ್ಟೆನೋಸಿಸ್ ಎನ್ನುತ್ತೇವೆ. ರಕ್ತ ಮುಂದಕ್ಕೆ ಹೋಗಲಾರದೆ ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಮೇಲಿನ ಕೋಣೆ ಹಿಗ್ಗುತ್ತದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು.

"ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ?" ಎಂದು ಕೇಳಿದೆ.

"ಇಲ್ಲ ಮೇಡಂ."

"ನಿಜ ಹೇಳಮ್ಮ."

"ನಿಂತ್ಕೊಂಡು ನಿಂತ್ಕೊಂಡು ಹತ್ತೀನಿ. ಎಲ್ರೂ ಹಂಗೇ ಅಲ್ವಾ?" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಅಪ್ಪನಿಗೆ ಹೇಳ್ಬ್ಯಾಡಿ," ಎಂದಳು.

ಸಣ್ಣವಳಿದ್ದಾಗ ಮಂಡಿ ಊದಿ ಶಾಲೆ ಬಿಟ್ಟು ಮಲಗಿದ್ದು ಅವಳಿಗೆ ನೆನಪಿತ್ತು. ಎಣ್ಣೆ ಹಚ್ಚಿ ಬಿಸಿನೀರು ಹಾಕಿದರಂತೆ. ಊತ ಇಳಿದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ಹಾಸ್ಟೆಲಿನಲ್ಲಿ ಕೆಳಗಿನ ಅಂತಸ್ತಿನ ಕೋಣೆಯನ್ನೇ ಕೇಳಿ ಪಡೆದದ್ದು, ಎರಡು ದಿಂಬು ಇಟ್ಟುಕೊಂಡು ಮಲಗುವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಎಕ್ಸ್‌ರೇ ಮತ್ತು ಇಸಿಜಿ ನೋಡಿದಾಗ ನನ್ನ ಕಿವಿ ಕೇಳಿದ್ದು ಸರಿಯೆಂದು ಖಚಿತವಾಯಿತು.

ಹೇಳಬೇಡಿ ಎಂದದ್ದನ್ನು ಹೇಳದೆ ಇರುವ ದಾರಿ ನನಗೆ ಕಾಣಲಿಲ್ಲ. ಚಿಕಿತ್ಸೆಗೆ ದುಡ್ಡು ಹೊಂದಿಸಬೇಕಾದವರು ತಂದೆ, ಅವಳನ್ನು ಬೆಂಗಳೂರಿಗೆ ಕರೆದೊಯ್ಯುವವರೂ ಅವರೇ. ಅನಸೂಯಳಿಗೆ ಅದನ್ನು ವಿವರಿಸಿದೆ. ಅವಳು ಗೋಡೆ ನೋಡುತ್ತಾ "ಹೇಳಿ" ಎಂದಳು. ಇಬ್ಬರನ್ನೂ ಕೂರಿಸಿ, ಕವಾಟದ ಚಿತ್ರ ಬರೆದು ತೋರಿಸಿದೆ. ಬೆಂಗಳೂರಿನಲ್ಲಿ ವ್ಯಾಲ್ವಾಟಮಿ ಮಾಡುತ್ತಾರೆ, ಅಂದರೆ ಅಂಟಿಕೊಂಡ ಬಾಗಿಲನ್ನು ಬಿಡಿಸುತ್ತಾರೆ, ಈ ವಯಸ್ಸಿಗೆ ಒಳ್ಳೆಯ ಫಲ ಸಿಗುತ್ತದೆ, ಕೀಲು ಊದುವ ಆ ಜ್ವರ ಮರುಕಳಿಸದಂತೆ ಅಲ್ಲಿಯವರೆಗೂ ಆಮೇಲೆಯೂ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು ಎಂದೆ. ಮುಂದಿನ ವರ್ಷ ನಾನೇ ಸರ್ಟಿಫಿಕೇಟು ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಹನುಮಂತರಾಯಪ್ಪ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಮುಂದಿನ ವರ್ಷ ಸೀಟು ಇರ್ತದಾ ಡಾಕ್ಟ್ರಮ್ಮ? ಅದನ್ನೂ ಬರ್ದು ಕೊಡ್ತೀರಾ?"

ನಾನು ಸರ್ಟಿಫಿಕೇಟಿನ ಹಾಳೆ ಎಳೆದುಕೊಂಡೆ.

"ಎದೆ ಕೊಯ್ಸಿದ ಹುಡುಗಿ ಅಂತ ಒಂದು ಕಿತ ಹೆಸ್ರು ಬಿದ್ರೆ ಮುಗೀತು," ಎಂದರು. "ಓದೂ ಹೋಯ್ತದೆ, ಮದುವೇನೂ ಹೋಯ್ತದೆ. ಇವಳ ಹಿಂದೆ ಇನ್ನೊಬ್ಳು ಅವ್ಳೆ. ಎದ್ದು ಓಡಾಡ್ತಾ ಇರೋ ಹುಡುಗೀನ ನೀವು ರೋಗಿ ಮಾಡ್ಬುಟ್ರಿ."

ನಾನು ಸರ್ಟಿಫಿಕೇಟಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಮೈಟ್ರಲ್ ಸ್ಟೆನೋಸಿಸ್ ಇದೆ, ಚಿಕಿತ್ಸೆಯ ನಂತರ ಯೋಗ್ಯಳಾಗಬಹುದು. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಮಾರನೆಯ ವಾರ ನಾನು ಗೂಡಿನ ಮಾರುಕಟ್ಟೆಗೆ ಹೇಳಿ ಕಳಿಸಿದೆ. ಬರಲಿಲ್ಲ. ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಕೊಡಬೇಕಾದ ಪತ್ರ ನನ್ನ ಮೇಜಿನ ಮೇಲೆಯೇ ಉಳಿಯಿತು.

ಒಂದು ತಿಂಗಳಾದ ಮೇಲೆ ಅನಸೂಯ ಒಬ್ಬಳೇ ಬಂದಳು. ಹೊಸ ಚೂಡಿದಾರ, ಕೈಯಲ್ಲಿ ಹೊಸ ಬ್ಯಾಗು. ಅವಳು ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. ಬೇರೆ ಊರಿನ ಒಬ್ಬ ಡಾಕ್ಟರು ಫಿಟ್ ಎಂದು ಬರೆದುಕೊಟ್ಟಿದ್ದರು. ಅವರು ಯಾರು ಎಂದು ನಾನು ಕೇಳಲಿಲ್ಲ. ಅವಳನ್ನು ಕೂರಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದರೋ, ನಿಲ್ಲಿಸಿಯೇ ಬರೆದರೋ ನನಗೆ ತಿಳಿಯದು. ಎಡಮಗ್ಗುಲಿಗೆ ಮಲಗಿಸದೆ ಕೂರಿಸಿ ಮಾತ್ರ ಕೇಳಿದರೆ ಈ ಸದ್ದು ಎಷ್ಟೋ ಸಲ ಕೇಳಿಸುವುದೇ ಇಲ್ಲ.

"ನೀವು ಕಾಲೇಜಿಗೆ ಬರೆದು ತಿಳಿಸ್ತೀರಾ ಮೇಡಂ?" ಎಂದು ಕೇಳಿದಳು. ಅದನ್ನು ಕೇಳಲೆಂದೇ ಅವಳು ಬಂದದ್ದು.

ಹಾಗೆ ಬರೆಯುವುದನ್ನು ನಾನು ಯೋಚಿಸದೆ ಇರಲಿಲ್ಲ. ಒಂದು ಪತ್ರ ಹಾಕಿದ್ದರೆ ಸೀಟು ರದ್ದಾಗುತ್ತಿತ್ತು. ಆದರೆ ರೋಗಿ ನಂಬಿ ತೋರಿಸಿದ ಎದೆಯ ವಿಷಯವನ್ನು ಅವಳ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತಿಳಿಸುವುದು ನಮ್ಮ ವೃತ್ತಿಯಲ್ಲಿ ನಿಷಿದ್ಧ. ಅವಳ ಕಾಯಿಲೆ ಇನ್ನೊಬ್ಬರಿಗೆ ಅಂಟುವಂಥದ್ದೂ ಅಲ್ಲ. ಇವತ್ತು ಕೇಳಿದರೂ ನಾನು ಅದೇ ಉತ್ತರ ಕೊಡುತ್ತೇನೆ.

"ಬರೆಯಲ್ಲ. ನಿನ್ನ ಹೃದಯ ನಿಂದು. ಆದ್ರೆ ಅಲ್ಲಿ ಹೋದ ತಕ್ಷಣ ಒಬ್ಬ ಡಾಕ್ಟರಿಗೆ ನೀನೇ ಹೇಳ್ಕೋಬೇಕು. ಇಂಜೆಕ್ಷನ್ ಬಿಡಬಾರದು. ಎದೆ ತಾಳ ತಪ್ಪಿ ಹೊಡ್ಕೊಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು."

"ಹೇಳಿದ್ರೆ ವಾಪಸ್ ಕಳಿಸ್ತಾರೆ ಮೇಡಂ. ಫಾರಿನ್ ಸ್ಟೂಡೆಂಟು ಅನ್‌ಫಿಟ್ ಆದ್ರೆ ಸೀಟು ಇಲ್ಲ ಅಂತ ಅವರ ಪುಸ್ತಕದಾಗೇ ಐತೆ."

"ಮೊದ್ಲು ಆಪರೇಷನ್ ಮಾಡಿಸ್ಕೊಳ್ಳಮ್ಮ."

"ಅಪ್ಪ ಒಪ್ಪಲ್ಲ. ನಾನೂ ಒಪ್ಪಲ್ಲ." ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ನಾನು ಓದ್ಬೇಕು, ಅಷ್ಟೇ. ಓದಿ ಬಂದು ಮಾಡಿಸ್ಕೊಂತೀನಿ," ಎಂದಳು.

ಅವಳಿಗೆ ಇಂಜೆಕ್ಷನ್ ಹಾಕಿಸಿದೆ. ಅಲ್ಲಿನ ವೈದ್ಯರಿಗೆಂದು ರೋಗದ ವಿವರ ಬರೆದುಕೊಟ್ಟೆ. ನಾಡಿ ಹಿಡಿದು ತಾಳ ನೋಡಿಕೊಳ್ಳುವುದನ್ನು ಕಲಿಸಿದೆ. ಒಂದೇ ಸಲಕ್ಕೆ ಕಲಿತಳು. ಬೆರಳು ಸರಿಯಾದ ಜಾಗಕ್ಕೆ ತಾನಾಗಿ ಹೋಗಿ ಕೂತಿತು. ಒಳ್ಳೆಯ ಡಾಕ್ಟರಾಗುತ್ತಾಳೆ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಈಗಲೂ ನೆನಪಿದೆ. "ಹೋಗಿ ಬತ್ತೀನಿ ಮೇಡಂ," ಎಂದು ಕಾಲು ಮುಟ್ಟಲು ಬಗ್ಗಿದಳು. ಎದ್ದಾಗ ಉಸಿರು ತುಸು ಏರಿತ್ತು.

1995ರಲ್ಲಿ ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಅಲ್ಲಿನ ಆಸ್ಪತ್ರೆ ಚಿಕ್ಕದು, ಓಪಿ ಮಾತ್ರ ದೊಡ್ಡದು. ಬೆಳಿಗ್ಗೆ ಹೊರರೋಗಿಗಳ ಸಾಲು ಗೇಟಿನವರೆಗೂ ಇರುತ್ತಿತ್ತು. ಒಂದು ದಿನ ಆ ಸಾಲಿನ ಕೊನೆಯಲ್ಲಿ ಹನುಮಂತರಾಯಪ್ಪ ನಿಂತಿದ್ದರು. ಪರಿಗಿಯವರಿಗೆ ಕಲ್ಯಾಣದುರ್ಗದಲ್ಲಿ ಏನು ಕೆಲಸ ಎಂದುಕೊಂಡೆ. ಅವರ ಪಕ್ಕದ ಬೆಂಚಿನ ಮೇಲೆ ಹೆಂಡತಿ ಲಕ್ಷ್ಮೀದೇವಮ್ಮ, ಅವರ ಹೆಗಲಿಗೆ ಒರಗಿ ಅನಸೂಯ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಬಾಯಿ ಎಡಕ್ಕೆ ಎಳೆದಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ.

ನಡೆದದ್ದನ್ನು ತಂದೆ ತುಂಡು ತುಂಡಾಗಿ ಹೇಳಿದರು. ಎರಡನೇ ವರ್ಷದ ಓದು ನಡೆಯುತ್ತಿತ್ತು. ಹಾಸ್ಟೆಲಿನಲ್ಲಿ ಊಟಕ್ಕೆ ಕೂತವಳು ತಟ್ಟೆಯ ಮೇಲೆಯೇ ಕುಸಿದಳು. ಕಿರಿದಾದ ಕವಾಟದ ಹಿಂದೆ ಹಿಗ್ಗಿದ ಕೋಣೆಯಲ್ಲಿ ಕಟ್ಟಿಕೊಂಡ ಹೆಪ್ಪು ಮೆದುಳಿಗೆ ಹೋಗಿ ಎಡಭಾಗದ ರಕ್ತನಾಳವನ್ನು ಮುಚ್ಚಿತ್ತು. ಅಲ್ಲಿನ ವೈದ್ಯರು ಅವಳನ್ನು ಉಳಿಸಿದರು. ಪ್ರಯಾಣ ಮಾಡುವ ಸ್ಥಿತಿಗೆ ಬಂದಾಗ ಅವಳ ರೂಮಿನಲ್ಲೇ ಇದ್ದ, ಅಲ್ಲಿಯವಳೇ ಆದ ರುಮಾನಾ ಎಂಬ ಹುಡುಗಿ ಕಲ್ಕತ್ತಾದವರೆಗೂ ಜೊತೆಗೆ ಬಂದು ತಂದೆಗೆ ಒಪ್ಪಿಸಿ ಹೋದಳಂತೆ. ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಜೊತೆ ಆಡಿ ಕಲಿತ ಉರ್ದುವಿನಲ್ಲೇ ಹನುಮಂತರಾಯಪ್ಪ ಅವಳ ಹತ್ತಿರ ಮಾತಾಡಿದ್ದರು; ಹಿಂದಿ ಸಿನಿಮಾ ನೋಡಿ ಅವಳಿಗೂ ಅದು ಅಷ್ಟಿಷ್ಟು ತಿಳಿಯುತ್ತಿತ್ತಂತೆ. ಆಗಲೇ ಅವರಿಗೆ ಉಳಿದದ್ದು ಗೊತ್ತಾಗಿದ್ದು. ಅನಸೂಯ ಅಲ್ಲಿ ಯಾರಿಗೂ ಕಾಯಿಲೆಯ ವಿಷಯ ಹೇಳಿರಲಿಲ್ಲ. ಮೊದಲ ಕೆಲವು ತಿಂಗಳು ಹೊರಗಿನ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡಳು. ಆಮೇಲೆ ಅಲ್ಲಿಗೆ ತನ್ನ ಕಾಲೇಜಿನ ಸೀನಿಯರ್‌ಗಳು ಕೆಲಸಕ್ಕೆ ಬರತೊಡಗಿದ್ದನ್ನು ನೋಡಿ ಬಿಟ್ಟುಬಿಟ್ಟಳು. ದಿಂಬುಗಳಿಗೆ ಒರಗಿ ಕೂತೇ ಮಲಗುತ್ತಿದ್ದವಳು, ಅದು ತನ್ನ ಅಭ್ಯಾಸ ಎಂದು ರುಮಾನಾಗೆ ಹೇಳಿದ್ದಳು.

"ಮೊದಲ್ನೇ ವರ್ಷದಾಗೆ ಫಸ್ಟ್ ಬಂದಿದ್ಳಂತೆ ಅನಾಟಮಿಯಾಗೆ," ಎಂದರು ತಂದೆ.

ಕಲ್ಯಾಣದುರ್ಗ ಲಕ್ಷ್ಮೀದೇವಮ್ಮನ ತವರು. ಅವರ ಅಣ್ಣನ ಮನೆಯಲ್ಲಿ ಮಗಳನ್ನು ಇರಿಸಿದ್ದರು.

"ಊರಾಗೆ ಇಟ್ಕೊಂಡ್ರೆ ನೋಡಾಕೆ ಬತ್ತಾರೆ ಕಣಮ್ಮ," ಎಂದರು ಲಕ್ಷ್ಮೀದೇವಮ್ಮ. "ಬಂದೋರು ಇವಳ ಮುಂದೇನೇ ಮಾತಾಡ್ತಾರೆ. ಇವ್ಳಿಗೆ ಎಲ್ಲಾ ತಿಳೀತದೆ."

ನಾಡಿ ಹಿಡಿದೆ. ತಾಳ ಪೂರ್ತಿ ತಪ್ಪಿತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ಹೊಂದಾಣಿಕೆಯಿರಲಿಲ್ಲ. ಅದೇ ಹೊತ್ತಿನಲ್ಲಿ ಅನಸೂಯ ಎಡಗೈ ಎತ್ತಿ ತನ್ನ ಬಲಮಣಿಕಟ್ಟಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಅವಳಿಗೂ ಅದು ಗೊತ್ತಿತ್ತು.

ಈ ಸಲ ಬೆಂಗಳೂರು ಎಂದಾಗ ತಂದೆ ಏನೂ ಕೇಳಲಿಲ್ಲ. ಹೃದಯದಲ್ಲಿ ಇನ್ನೂ ಹೆಪ್ಪು ಉಳಿದಿದ್ದರಿಂದ ಮೊದಲೇ ಆಗಬಹುದಾಗಿದ್ದ ಚಿಕ್ಕ ಆಪರೇಷನ್ ಈಗ ಸಾಧ್ಯವಿರಲಿಲ್ಲ. ಎದೆ ತೆರೆದು ಮಾಡುವ ದೊಡ್ಡ ಆಪರೇಷನ್ನೇ ಬೇಕಾಯಿತು. ಆ ದಿನ ನಾನು ರಜೆ ಹಾಕಿ ಹೋಗಿದ್ದೆ. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹನುಮಂತರಾಯಪ್ಪ ನನ್ನ ಕಡೆ ತಿರುಗದೆಯೇ ಕೇಳಿದರು:

"ಅವತ್ತು ನೀವು ಇನ್ನೂ ಜೋರಾಗಿ ಹೇಳಿದ್ರೆ ನಾನು ಒಪ್ತಿದ್ನಾ ಡಾಕ್ಟ್ರಮ್ಮ?"

ಒಪ್ಪುತ್ತಿದ್ದಿರಿ ಎಂದರೆ ಅವರ ಹೊರೆಯಲ್ಲಿ ಅರ್ಧ ನನ್ನ ಮೇಲೆ ಬರುತ್ತಿತ್ತು. ಅದನ್ನು ಹೊರಲು ನಾನು ಸಿದ್ಧಳಿದ್ದೆ. ಆದರೆ ಅವರು ಸುಳ್ಳು ಸಮಾಧಾನ ಕೇಳುತ್ತಿರಲಿಲ್ಲ.

"ಇಲ್ಲ," ಎಂದೆ.

"ಊಂ. ಒಪ್ತಿರ್ಲಿಲ್ಲ," ಎಂದರು. ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಾವು ಆ ಮಾತು ಎತ್ತಲಿಲ್ಲ.

ಅವಳು ಬದುಕಿದಳು. ಕವಾಟ ತೆರೆಯಿತು, ಉಸಿರು ಸಲೀಸಾಯಿತು. ಮೆದುಳಿನಲ್ಲಿ ಸತ್ತ ಭಾಗವನ್ನು ಮಾತ್ರ ಯಾವ ಆಪರೇಷನ್ನೂ ತಂದುಕೊಡುವುದಿಲ್ಲ. ಬಲಗಾಲು ಎಳೆದುಕೊಂಡು ನಡೆಯುವಷ್ಟು ಆಯಿತು. ಬಲಗೈ ಬರಲೇ ಇಲ್ಲ. ಪಾರ್ಶ್ವವಾಯುವಿನಿಂದ ಮಾತು ಹೋಗುವುದಕ್ಕೆ ಅಫೇಸಿಯಾ ಎನ್ನುತ್ತೇವೆ. ಬುದ್ಧಿ ಹಾಗೆಯೇ ಇರುತ್ತದೆ, ಪದಗಳು ಕೈಗೆ ಸಿಗುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಅಂಗಡಿ ಶಾಲೆಗಳಲ್ಲಿ ತೆಲುಗು, ಓದಿದವರಿಗೆ ಮೇಲಿಷ್ಟು ಇಂಗ್ಲಿಷ್. ಅನಸೂಯ ಇವುಗಳ ಜೊತೆಗೆ ಬಂಗಾಳಿಯನ್ನೂ ಕಲಿತಿದ್ದಳು. ತಿಂಗಳುಗಳ ನಂತರ ಅವಳಿಂದ ಹೊರಟ ಮೊದಲ ಮಾತು ಬಂಗಾಳಿಯದು.

"ಹೆಂಗಿದ್ದೀಯ ಅಂದ್ರೆ ಅದೇನೋ ಭಾಲೋ ಭಾಲೋ ಅಂತಾಳೆ," ಎಂದು ಲಕ್ಷ್ಮೀದೇವಮ್ಮ ಬಂದು ಹೇಳಿದರು. "ಹಂಗಂದ್ರೇನು ಡಾಕ್ಟ್ರಮ್ಮ?"

ಚೆನ್ನಾಗಿದ್ದೀನಿ ಅಂತ, ಎಂದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡರು.

ನಂತರ ಕನ್ನಡದ ಚಿಕ್ಕ ಚಿಕ್ಕ ಪದಗಳು ಬಂದವು. ನೀರು, ಅವ್ವ, ಸಾಕು. ತೆಲುಗು ಕೇಳಿದರೆ ತಿಳಿಯುತ್ತಿತ್ತು, ಆಡಲು ಆಗುತ್ತಿರಲಿಲ್ಲ. ಅನಾಟಮಿಯಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಹೆಸರುಗಳಲ್ಲಿ ಒಂದೂ ಮರಳಲಿಲ್ಲ. ಒಮ್ಮೆ ನನ್ನ ಮೇಜಿನ ಮೇಲಿದ್ದ ಪುಸ್ತಕದಲ್ಲಿ ಹೃದಯದ ಚಿತ್ರ ತೆರೆದು, ಒಂದೊಂದು ಭಾಗದ ಮೇಲೂ ಬೆರಳಿಡುತ್ತಾ ತುಟಿ ಆಡಿಸಿದಳು. ಕೊನೆಗೆ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. ಆ ವರ್ಷವೇ ಕಾಲೇಜಿನವರು, ದೀರ್ಘಕಾಲ ಹಾಜರಾಗದ ಕಾರಣ ಹೆಸರು ತೆಗೆದಿದ್ದೇವೆ ಎಂದು ತಿಳಿಸಿದರು. ಅವರ ನಿಯಮದ ಪ್ರಕಾರ ಅದು ಸರಿಯೇ.

ಮೂರು ವಾರಕ್ಕೊಮ್ಮೆ ಅವಳು ತಾಯಿಯ ಜೊತೆ ಇಂಜೆಕ್ಷನ್ನಿಗೆ ಬರುತ್ತಿದ್ದಳು. ಅಂಥ ಒಂದು ದಿನ ಒಬ್ಬ ಹೆಂಗಸು ಮಗಳನ್ನು ಎತ್ತಿಕೊಂಡು ಬಂದಳು. ಎಂಟೊಂಬತ್ತು ವರ್ಷದ ಹುಡುಗಿ, ಮಂಡಿಗಳೆರಡೂ ಊದಿದ್ದವು, ಜ್ವರವಿತ್ತು. ಹೃದಯದಲ್ಲಿ ಆಗಲೇ ಸಣ್ಣ ಸದ್ದು ಶುರುವಾಗಿತ್ತು. ವರ್ಷಗಟ್ಟಲೆ ಇಂಜೆಕ್ಷನ್ ಹಾಕಿಸಬೇಕೆಂದು ತೆಲುಗಿನಲ್ಲಿ ವಿವರಿಸಿದೆ. ಈ ಇಂಜೆಕ್ಷನ್ ಬಹಳ ನೋಯುತ್ತದೆ. ಮಗು ಒಂದೇ ಸಮನೆ ಅಳುತ್ತಿತ್ತು.

"ವಾಪು ತಗ್ಗಿತೆ ಚಾಲಮ್ಮಾ, ಸೂದುಲು ಒದ್ದು," ಎಂದಳು ಹೆಂಗಸು. ಊತ ಇಳಿದರೆ ಸಾಕು, ಸೂಜಿ ಬೇಡ ಎಂದು. ಮಗಳನ್ನು ಎತ್ತಿಕೊಂಡು ಎದ್ದೂ ಬಿಟ್ಟಳು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಅನಸೂಯ ಕೂತಿದ್ದಳು. ಎಡಗೈ ಚಾಚಿ ಆ ಹೆಂಗಸಿನ ಸೆರಗು ಹಿಡಿದಳು. ಹೆಂಗಸು ಗಾಬರಿಯಾಗಿ ನಿಂತಳು. ಅನಸೂಯ ಮೊದಲು ಆ ಮಗುವಿನ ಊದಿದ ಮಂಡಿ ಮುಟ್ಟಿದಳು, ಆಮೇಲೆ ತನ್ನ ಮಂಡಿ ಮುಟ್ಟಿಕೊಂಡಳು. ರವಿಕೆಯ ಅಂಚನ್ನು ತುಸು ಸರಿಸಿ ಎದೆಯ ಮೇಲಿನ ಉದ್ದನೆಯ ಹೊಲಿಗೆಯ ಗುರುತು ತೋರಿಸಿದಳು. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಬಿಟ್ಟಳು. ಅದು ತೊಡೆಯ ಮೇಲೆ ಬಿತ್ತು. ಕುತ್ತಿಗೆಯ ನರಗಳು ಬಿಗಿದವು, ಮುಖ ಕೆಂಪಾಯಿತು. ಬಹಳ ಹೊತ್ತು ಯಾವ ಪದವೂ ಬರಲಿಲ್ಲ. ನಾವೆಲ್ಲ ಕಾದೆವು.

"ಬಿಡ್... ಬ್ಯಾಡ," ಎಂದಳು.

ಆ ಹೆಂಗಸಿಗೆ ಕನ್ನಡ ಅಷ್ಟಾಗಿ ಬರುತ್ತಿತ್ತೋ ಇಲ್ಲವೋ. ಅವಳು ಮತ್ತೆ ಬಂದು ಕುರ್ಚಿಯಲ್ಲಿ ಕೂತು, ಮಗಳ ಲಂಗ ಸರಿಸಿದಳು. ನಾನು ಕಲ್ಯಾಣದುರ್ಗದಲ್ಲಿ ಇರುವವರೆಗೂ ಆ ಮಗುವಿನ ಒಂದು ಇಂಜೆಕ್ಷನ್ನೂ ತಪ್ಪಲಿಲ್ಲ.

ಆಮೇಲೆ ಹಲವು ಊರುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಸಾವಿರಾರು ಸರ್ಟಿಫಿಕೇಟುಗಳಿಗೆ ಸಹಿ ಹಾಕಿದ್ದೇನೆ, ಕೆಲವರಿಗೆ ಆಗುವುದಿಲ್ಲ ಎಂದೂ ಬರೆದಿದ್ದೇನೆ. ಕಾಯಿಲೆ ಹೇಳಿಕೊಂಡರೆ ಬಾಗಿಲು ಮುಚ್ಚುತ್ತದೆ ಎಂಬ ಭಯ ಇರುವವರೆಗೂ ಜನ ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಅದರಲ್ಲೂ ಓದಲು ಹೊರಟ ಹೆಣ್ಣುಮಕ್ಕಳು. ಇದನ್ನು ನನಗೆ ಯಾವ ಮೆಡಿಕಲ್ ಕಾಲೇಜೂ ಕಲಿಸಿರಲಿಲ್ಲ. ಅನಸೂಯಳ ನಂತರ, ಯಾರಿಗೇ ಆಗಲಿ ಸಹಿ ಹಾಕುವುದಿಲ್ಲ ಎಂದಾಗ ಅವರು ಏಳುವ ಮುನ್ನ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. "ಇಲ್ಲಿಂದ ಎಲ್ಲಿಗೆ ಹೋಗ್ತೀರಿ?" ಇನ್ನೊಬ್ಬ ಡಾಕ್ಟರ ಸಹಿ ಹುಡುಕಿ ಹೊರಟವರಲ್ಲಿ ಹೆಚ್ಚಿನವರು ಮನೆಗೆ ಎಂದು ಸುಳ್ಳು ಹೇಳುತ್ತಿದ್ದರು. ಒಬ್ಬಿಬ್ಬರು ಮಾತ್ರ ನನ್ನ ಮುಖ ನೋಡಿ, ಮತ್ತೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.